ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಎಲ್ಲದಕ್ಕೂ ಕಾರಣ ಒಂದು ಹಲಗೆ.

ಕಲಘಟಗಿಯ ಸಿದ್ಧಾರೂಢ ತೊಟ್ಟಿಲಿಗೆ ಬಣ್ಣ ಹಚ್ಚುವವನು. ಜನ ಕಬ್ಬಿಣದ ತೊಟ್ಟಿಲಿಗೆ ಮನಸೋತ ಮೇಲೆ ಅವನ ಕುಂಚ ಮೂರು ತಿಂಗಳಿಂದ ಡಬ್ಬಿಯಲ್ಲೇ ಮಲಗಿತ್ತು. ಅಂಥವನ ಅಂಗಳಕ್ಕೆ ಒಂದು ಬೆಳಗ್ಗೆ ಕೆರೆ ಸಮಿತಿಯ ಅಧ್ಯಕ್ಷ ಕುಬೇರಪ್ಪ ಕೆರೆಯಲ್ಲಿ ಜನರನ್ನು ಸುತ್ತಾಡಿಸಲು ತರಿಸಿದ ಒಂದು ದೋಣಿಯನ್ನೇ ತಂದು ಬೋರಲು ಹಾಕಿಸಿದರು.

“ನಾಕಕ್ಕ ಕಾರವಾರದಿಂದ ತಪಾಸಣಿ ಸಾಹೇಬ್ರು ಬರ್ತಾರ. ಪೋರ್ಟ್ ಕೆಂಪು, ಸ್ಟಾರ್‌ಬೋರ್ಡ್ ಹಸಿರು ಇರಬೇಕಂತ ಫೋನಿನ್ಯಾಗ ಹೇಳ್ಯಾರ. ಹಡಗಿನವರು ಎಡಕ್ಕ ಪೋರ್ಟ್ ಅಂತಾರ, ಬಲಕ್ಕ ಸ್ಟಾರ್‌ಬೋರ್ಡ್. ಇದು ಪಾಸಾತಂದ್ರ ಇನ್ನೂ ಆರು ದೋಣಿ ನಿನಗ!”

“ಯಾರ ಎಡಾರೀ ಸಾವಕಾರ್ರ?”

“ದೋಣೀದಲೇ! ಎಡಕ್ಕ ಹೂಡೋ ಎತ್ತು ಹೊಳ್ಳಿ ನಿಂತ್ರೂ ಎಡದ ಎತ್ತ ಅಲ್ಲೇನು? ಹಂಗ.”

ಆರು ದೋಣಿ! ಸಿದ್ಧಾರೂಢನಿಗೆ ಕೈಕಾಲು ಆಡದಷ್ಟು ಸಂತೋಷವಾಯಿತು. ದೋಣಿಯ ಎರಡೂ ತುದಿ ಒಂದೇ ನಮೂನೆ. ಒಂದು ತುದಿಗೆ ಮಾತ್ರ ದಪ್ಪ ಹಲಗೆ ಬಡಿದಿತ್ತು. ಅವನ ಮನೆತನದ ತೊಟ್ಟಿಲುಗಳಲ್ಲಿ ಹಲಗೆ ಇದ್ದ ಕಡೆ ಮಗುವಿನ ತಲೆ. ತಲೆ ಇದ್ದ ಕಡೆ ಮುಂದು, ಇದರಲ್ಲಿ ಕೇಳುವುದೇನಿದೆ? ಇನ್ನೊಂದು ತುದಿಯಲ್ಲಿ ಹಲಗೆಗೆ ಮುಖ ಮಾಡಿ ನಿಂತು ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಬಳಿದ.

ಹನ್ನೆರಡಕ್ಕೆ ಪಕ್ಕದ ಮನೆಯ ಪಂಪ್‌ಸೆಟ್ ಮೆಕ್ಯಾನಿಕ್ ರಮಜಾನ್ ನಾಲ್ಕು ಜನರನ್ನು ಕರೆತಂದು ದೋಣಿಯನ್ನು ಮಗುಚಿದ. ಸಿದ್ಧಾರೂಢ ಮತ್ತೆ ಹಲಗೆಗೆ ಮುಖ ಮಾಡಿ ನಿಂತ. ಕೆಂಪು ಬಲಕ್ಕೆ ಹೋಗಿ ಕೂತಿತ್ತು!

“ಯಪ್ಪಾ! ಇದೇನಾತೋ!”

“ಬೋರಲ ಬಿದ್ದದ್ದನ್ನ ಅಂಗಾತ ಮಾಡಿದ್ರ ಎಡ ಬಲ ಆಗೂದಿಲ್ಲೇನಲೇ?” ಎಂದಳು ಎದುರು ಮನೆಯ ಮುದುಕಿ ಫಕೀರವ್ವ, ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ.

“ಮೊದಲ ಹೇಳಾಕ ಏನಾಗಿತ್ತಬೇ ಯವ್ವಾ?”

“ನೀ ಎಲ್ಲಿ ಕೇಳಿದಿ?”

ಹೆಂಡತಿ ಗಂಗಾ ತಂದಿಟ್ಟ ರೊಟ್ಟಿ ತಟ್ಟೆಯಲ್ಲೇ ಒಣಗಿತು. ಮೂರಕ್ಕೆ ಕೆಂಪು ಎಡಕ್ಕೆ ಬಂತು, ಹಸಿರು ಬಲಕ್ಕೆ ಹೋಯಿತು. ಸಿದ್ಧಾರೂಢ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ರಮಜಾನ್ ಮೋಟರು ಹೊತ್ತು ತಂದು ನೇರ ಆ ಹಲಗೆಗೇ ಬಿಗಿಯತೊಡಗಿದ.

“ಏ, ಅದು ತಲಿ ಕಡೀದೋ!”

“ದೋಣಿಗ್ಯಾವ ತಲಿ ಸಿದ್ಧಣ್ಣಾ? ಹಲಗಿ ಇರೂದ ಮೋಟರಿಗೆ. ಇದು ಹಿಂದು.”

ಸಿದ್ಧಾರೂಢ ಹಲಗೆಯ ಕಡೆಗೆ ಓಡಿ, ಅದಕ್ಕೆ ಬೆನ್ನು ಮಾಡಿ, ದೋಣಿಯ ಇನ್ನೊಂದು ತುದಿಗೆ ಮುಖ ಮಾಡಿ ನಿಂತು ನೋಡಿದ. ಹಿಂದು ಮುಂದಾದರೆ ಎಡವೂ ಬಲವೇ!

“ಹನ್ನೆರಡಕ್ಕ ಇದ್ದಂಗ ಬಿಟ್ಟಿದ್ರ ಬರೋಬ್ಬರಿ ಇರ್ತಿತ್ತು ನೋಡು,” ಎಂದಳು ಫಕೀರವ್ವ. ಅವಳ ಮಾತು ಖರೆ ಎನ್ನುವುದಕ್ಕೇ ಅವನಿಗೆ ಹೆಚ್ಚು ಉರಿಯಿತು.

ಮತ್ತೆ ಕುಂಚ, ಮತ್ತೆ ಡಬ್ಬಿ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೆಂಪು ಮೂರನೆಯ ಸಲ ತನ್ನ ಜಾಗಕ್ಕೆ ಬಂತು. ಹಿಂದೆಯೇ ಕುಬೇರಪ್ಪನವರನ್ನೂ ಸಾಹೇಬರನ್ನೂ ಹೊತ್ತ ಜೀಪು ಬಂತು.

ಸಾಹೇಬರು ದೋಣಿಯನ್ನು ಸುತ್ತಿದರು. ಮತ್ತೊಮ್ಮೆ ಸುತ್ತಿದರು. ಸಿದ್ಧಾರೂಢ ಆರು ದೋಣಿ ನೆನೆಸಿಕೊಂಡು ಬಣ್ಣ ಮೆತ್ತಿದ ಕೈ ಜೋಡಿಸಿದ.

“ಇದು ಯಾರ ಕೆಲಸ?”

“ನನ್ನದ್ರೀ!”

“ಕೆಂಪು, ಹಸಿರು ಎಲ್ಲಿ?”

ಸಿದ್ಧಾರೂಢ ಎರಡೂ ಮಗ್ಗಲು ತೋರಿಸಿದ.

“ಅಯ್ಯೋ, ಬಣ್ಣ ಅಲ್ರೀ! ಲೈಟು! ಎಡಕ್ಕೆ ಕೆಂಪು ಲೈಟು, ಬಲಕ್ಕೆ ಹಸಿರು ಲೈಟು. ಮೈಗೆ ಬಿಳೀ ಬಣ್ಣ ಇದ್ರೆ ಸಾಕು.”

“ಅದಕ್ಕೇನ್ರಿ ಸಾಹೇಬ್ರ, ಏಳೂ ದೋಣಿಗೆ ಲೈಟು ನಾ ಕೂಡಸ್ತೇನಿ,” ಎಂದು ರಮಜಾನ್ ಅಲ್ಲೇ ಕೆಲಸ ಹಿಡಿದ.

ಸಿದ್ಧಾರೂಢ ಕುಬೇರಪ್ಪನವರ ಕಡೆ ತಿರುಗಿ ಕೇಳಿದ, “ಹಂಗಾದ್ರ ಆರಕ್ಕೂ ಬಿಳೇ ಬಣ್ಣ ನಾನ ಹಚ್ಚಲೇನ್ರಿ ಸಾವಕಾರ್ರ?”

“ಅವು ಬಿಳೇನ ಬಂದಾವೋ,” ಎಂದರು ಕುಬೇರಪ್ಪ. “ಇದೂ ಬಿಳೇನ ಬಂದಿತ್ತು. ನಾಳೆ ಮುಂಜಾನೆ ಅಂದ್ರ ಎಲ್ಲಾ ಕೆರೆದು ಬಿಳೇ ಮಾಡಿಡು.”