ಕಂಪ್ಯೂಟರಿನ ಅಟ್ಟ ಹತ್ತಿದ್ದು

“ಜಾಗವಿಲ್ಲ” ಎಂಬ ಮಾತನ್ನು ನನ್ನೆದುರು ಆಡಿ ದಕ್ಕಿಸಿಕೊಂಡವರು ಯಾರೂ ಇರಲಿಲ್ಲ, ಆ ಕಂಪ್ಯೂಟರ್ ನಮ್ಮ ಮನೆಗೆ ಬರುವವರೆಗೆ.

ನಾನು ಆಸ್ಪತ್ರೆಯೊಂದರ ಬಟ್ಟೆ ಉಗ್ರಾಣದ ಮೇಲ್ವಿಚಾರಕಿ. ಹಾಸು, ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು, ರೋಗಿಗಳ ಹಸಿರು ನಿಲುವಂಗಿ, ಇಷ್ಟೂ ಸಾಮ್ರಾಜ್ಯ ಒಂದು ಕೋಣೆಯೊಳಗಿದೆ. ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ. (ದೊಡ್ಡ ಡಾಕ್ಟರಿಗೂ ಟವೆಲ್ ಬೇಕಾದರೆ ಬಾಗಿಲ ಹೊರಗೆ ನಿಂತು ಕೆಮ್ಮುತ್ತಾರೆ.) ಯಾವುದನ್ನೂ ಎಸೆಯಕೂಡದು, ಚೀಟಿ ಅಂಟಿಸಬೇಕು, ಬೀಗ ಹಾಕಬೇಕು. ನನ್ನ ರಾಜನೀತಿ ಇಷ್ಟೇ. ಮನೆಯಲ್ಲೂ ಅದೇ ಕಾನೂನು. ಸಕ್ಕರೆ ಡಬ್ಬಿಯ ಮೇಲೆ ‘ಸಕ್ಕರೆ’ ಎಂದಿದೆ, ಪಕ್ಕದ ಉಪ್ಪಿನ ಡಬ್ಬಿಯ ಮೇಲೆ ‘ಸಕ್ಕರೆ ಅಲ್ಲ’ ಎಂದಿದೆ.

“ನನ್ನ ಬೆನ್ನಿಗೂ ಒಂದು ಅಂಟಿಸಿಬಿಡು, ಹಳೇ ಸಾಮಾನು ಅಂತ,” ಎಂದು ನಮ್ಮ ಅತ್ತೆ ಆಗಾಗ ಹೇಳುತ್ತಿರುತ್ತಾರೆ.

“ನೀವು ಒಂದು ಕಡೆ ನಿಂತರೆ ತಾನೇ ಅಂಟಿಸೋದು,” ಎಂದು ನಾನೂ ಹೇಳುತ್ತಿರುತ್ತೇನೆ. ನಮ್ಮಿಬ್ಬರ ಪ್ರೀತಿ ಆ ಬಗೆಯದು.

ಇನ್ನು ನಮ್ಮ ಯಜಮಾನರು. (ಯಜಮಾನರು ಎನ್ನುವುದು ಬಾಯಿಮಾತಿಗೆ. ಆ ಚೀಟಿ ನಿಜವಾಗಿ ಯಾರ ಮೇಲಿದೆ ಎಂದು ನಿಮಗೆ ಈಗಾಗಲೇ ತಿಳಿದಿರುತ್ತದೆ.) ಅಂಗಡಿಗಳಿಗೆ ಬೋರ್ಡು ಬರೆಯುವ ಕಸುಬು ಅವರದು. ಇವರು ಬರೆದ ‘ಕೊಡೆಗಳು’ ಎಂಬ ಅಕ್ಷರದ ಅಂದ ನೋಡಿ ಬಿರುಬಿಸಿಲಲ್ಲಿ ಕೊಡೆ ಕೊಂಡುಹೋದವರಿದ್ದಾರೆ. ಆದರೆ ಯಂತ್ರದಲ್ಲಿ ಅಚ್ಚಾಗುವ ಬೋರ್ಡುಗಳು ಬಂದವು. ಇವರ ಕುಂಚಗಳು ಡಬ್ಬಿಯೊಳಗೆ ಗಡ್ಡ ಒಣಗಿಸಿಕೊಂಡು ಕೂತವು. ಮನುಷ್ಯ ಮಾತ್ರ ಕೈಕಟ್ಟಿ ಕೂರಲಿಲ್ಲ. ಯಾರೋ ಮಾರಲಿಟ್ಟಿದ್ದ ಹಳೆಯ ಕಂಪ್ಯೂಟರ್ ಹೊತ್ತು ತಂದು, ಅದರ ಮೇಲೆ ಚಿತ್ರ ಬಿಡಿಸುವುದನ್ನು ತಪ್ಪಿ ತಡವರಿಸಿ ತಾವೇ ಕಲಿತರು. ಕಡೆಗೆ ಮಕ್ಕಳ ಪುಸ್ತಕ ಹೊರತರುವ ಒಬ್ಬ ಹೆಂಗಸು ನಂಬಿ ಒಂದು ಕಥೆ ಕೊಟ್ಟರು: ಕಾಡಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊತ್ತೊಯ್ದು ಗುಹೆಯಲ್ಲಿ ಕೂಡಿಹಾಕುವ ರಾಕ್ಷಸಿಯ ಕಥೆ.

ಆನೆ, ಕುದುರೆ, ಮೊಲ ಎಲ್ಲ ಒಂದೇ ಏಟಿಗೆ ಒಪ್ಪಿಗೆಯಾದವು. ರಾಕ್ಷಸಿ ಮಾತ್ರ ಮತ್ತೆ ಮತ್ತೆ ವಾಪಸು ಬಂದಳು. “ನಿಮ್ಮ ರಾಕ್ಷಸಿ ಫೋಟೋ ತೆಗೆಸಿಕೊಳ್ಳೋಕೆ ನಿಂತ ಹಾಗಿದಾಳೆ,” ಎಂದರಂತೆ ಪ್ರಕಾಶಕಿ. “ಮಕ್ಕಳಿಗೆ ಅವಳನ್ನ ಕಂಡ್ರೆ ಎದೆ ಝಲ್ ಅನ್ನಬೇಕು. ಪಕ್ಕದಲ್ಲಿ ಹೋಗಿ ಕೂತ್ಕೊಳ್ಳೋಣ ಅಂತಾನೂ ಅನ್ನಿಸಬೇಕು. ಸೋಮವಾರ ಸಂಜೆ ನಾವು ಬಾಗಿಲು ಹಾಕೋದ್ರೊಳಗೆ ಬರದಿದ್ರೆ, ಬೇಜಾರು ಮಾಡ್ಕೋಬೇಡಿ, ಬೇರೆಯವರ ಹತ್ರ ಬರೆಸ್ತೀವಿ.”

ಆ ಸೋಮವಾರ ನನಗೆ ರಜೆಯಿತ್ತು. ದುರದೃಷ್ಟ ನನ್ನದೋ ಕಂಪ್ಯೂಟರಿನದೋ, ನೀವೇ ತೀರ್ಮಾನಿಸಿ.

ಊಟದ ಹೊತ್ತಿಗೆ ಇವರು ಹೊಸ ರಾಕ್ಷಸಿಯನ್ನು ಮುಗಿಸಿ, ಮೈ ಮುರಿದು, ‘ಉಳಿಸು’ ಎಂಬ ಗುಂಡಿ ಒತ್ತಿದರು. ಪರದೆಯ ನಡುವೆ ಒಂದು ಬಿಳಿ ಪೆಟ್ಟಿಗೆ ಎದ್ದು ನಿಂತಿತು. ಜಾಗವಿಲ್ಲ! ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ ಉತ್ತರ.

“ಜಾಗ ಇಲ್ಲ ಅಂದ್ರೆ ಏನ್ರೀ ಅರ್ಥ? ಸರಿಯಾಗಿ ಜೋಡಿಸಿಲ್ಲ ಅಂತ ಅರ್ಥ. ಏಳಿ, ನಾನು ನೋಡ್ತೀನಿ.”

“ಬೇಡ ಮಾರಾಯ್ತಿ! ಪೇಟೆಗೆ ಹೋಗಿ ಒಂದು ಪೆನ್ ಡ್ರೈವ್ ತರ್ತೀನಿ, ಅದರಲ್ಲಿ ಹಾಕಿದ್ರಾಯ್ತು. ನೀನು ಇದನ್ನ ಮುಟ್ಟಬೇಡ. ಗುಡಿಸಬೇಡ. ಒರೆಸಬೇಡ. ಹತ್ರ ಕೂಡ ಸುಳೀಬೇಡ.”

“ನಾನ್ಯಾಕೆ ಮುಟ್ಟಲಿ?” ಎಂದೆ. ಹೇಳುವಾಗ ಅದು ಅಪ್ಪಟ ಸತ್ಯವಾಗಿತ್ತು.

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ನಾನು ಆಸ್ಪತ್ರೆಯ ಬಿಲ್ಲು ವಿಭಾಗದ ಗೆಳತಿಗೆ ಫೋನು ಮಾಡಿದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು ಅವಳು.

“ಅಡಗಿರೋ ಫೋಲ್ಡರುಗಳು ಅಂತ ಇರ್ತವೆ ಕಣೇ,” ಎಂದಳು. “ಕಣ್ಣಿಗೆ ಕಾಣದೆ ಜಾಗ ತಿಂತಾ ಕೂತಿರ್ತವೆ. ಮೇಲ್ಗಡೆ ‘ನೋಟ’ ಅಂತಿದೆಯಲ್ಲ, ಅದರೊಳಗೆ ‘ಅಡಗಿಸಿದ್ದನ್ನು ತೋರಿಸು’ ಅಂತ ಒಂದು ಚೌಕ ಇರುತ್ತೆ. ಅದಕ್ಕೊಂದು ಗುರುತು ಹಾಕು. ಆದ್ರೆ ಒಂದು ಮಾತು ಕೇಳು...”

ಆ ಒಂದು ಮಾತು ಬರುವ ಹೊತ್ತಿಗೆ ನಾನು ಫೋನಿಟ್ಟಾಗಿತ್ತು.

ಗುರುತು ಹಾಕಿದೆ. ಅಬ್ಬಾ! ಅಲ್ಲಿಯವರೆಗೆ ಸಾಧುವಿನ ಹಾಗೆ ಕೂತಿದ್ದ ಪರದೆಯ ಮೇಲೆ ಎಲ್ಲೆಲ್ಲಿಂದಲೋ ಫೋಲ್ಡರುಗಳು ಎದ್ದವು. ಬೇರೆ ಫೋಲ್ಡರುಗಳೆಲ್ಲ ಹಳದಿಯಾಗಿ ಕಳಕಳಿಸುತ್ತಿದ್ದರೆ, ಇವು ಮಬ್ಬು ಮಬ್ಬು. ಒಗೆದು ಒಗೆದು ಬಣ್ಣ ಹೋದ ದಿಂಬಿನ ಚೀಲದ ಹಾಗೆ.

ಅತ್ತೆ ಹೆಗಲ ಮೇಲಿಂದ ಬಗ್ಗಿ ನೋಡಿದರು. “ಅಯ್ಯೋ, ಎಷ್ಟು ಬಿಳಿಚಿಕೊಂಡಿದಾವೆ ಪಾಪ! ಬಿಸಿಲೇ ಕಂಡಿಲ್ಲ ಅನ್ಸುತ್ತೆ. ಅದೇನದು, ಹೆಸರಿನ ಮುಂದೆ ಡಾಲರ್ ಗುರುತು?”

“ಗೊತ್ತಿಲ್ಲ ಅತ್ತೆ.”

“ದುಡ್ಡು! ನನ್ನ ಮಗ ನಮಗೆ ಗೊತ್ತಿಲ್ಲದ ಹಾಗೆ ಗಂಟು ಮಾಡಿಟ್ಟಿದಾನೆ ಕಣೇ!” ಅತ್ತೆಯ ದನಿಯಲ್ಲಿ ಅಭಿಮಾನ ತುಳುಕಿತು.

ತೆರೆದು ನೋಡಿದೆವು. ಗಂಟೂ ಇಲ್ಲ, ಮೂಟೆಯೂ ಇಲ್ಲ. ಬಾಯಿಗೆ ಬಾರದ ಹೆಸರಿನ ಕಡತಗಳು ತಲೆಕೆಳಗಾಗಿ ತುಂಬಿಕೊಂಡಿದ್ದವು. ಅಂಕಿಯೊಳಗೆ ಅಕ್ಷರ, ಅಕ್ಷರದೊಳಗೆ ಬೆನ್ನು ಬಾಗಿದ ಗೆರೆ. ಇಪ್ಪತ್ತು ವಾರ್ಡಿನ ಹೊದಿಕೆಗಳನ್ನು ಅಂಗೈ ಗೆರೆಯಂತೆ ಬಲ್ಲ ನನ್ನ ಮನೆಯೊಳಗೇ, ಚೀಟಿಯಿಲ್ಲದ ಇಷ್ಟು ಸಾಮಾನು! ನಾನು ತೋಳು ಮೇಲೇರಿಸಿದೆ.

ಎಸೆಯಲಿಲ್ಲ. ಅದನ್ನು ದಯವಿಟ್ಟು ಗಮನಿಸಿ. ಒಂದೇ ಒಂದು ಕಡತವನ್ನೂ ಎಸೆಯಲಿಲ್ಲ. ಎಲ್ಲಕ್ಕೂ ಮನುಷ್ಯರ ಬಾಯಿಗೆ ಬರುವ ಹೆಸರಿಟ್ಟೆ. ‘ಏನೋ’, ‘ಇನ್ನೇನೋ’, ‘ಅದರ ತಮ್ಮ’, ‘ಅತ್ತೆಗೂ ಗೊತ್ತಿಲ್ಲ’. ಒಂದೊಂದು ಹೆಸರು ಬದಲಿಸುವಾಗಲೂ ಕಂಪ್ಯೂಟರ್, “ಇದಕ್ಕೆ ನಿಮ್ಮ ಅಪ್ಪಣೆ ಇದೆಯೇ?” ಎಂದು ವಿನಯದಿಂದ ಕೇಳುತ್ತಿತ್ತು. (ಈ ಮನೆಯಲ್ಲಿ ನನ್ನ ಅಪ್ಪಣೆ ಕೇಳಿದ ಮೊದಲ ಪ್ರಾಣಿ ಅದು. ಹೇಗೆ ಇಲ್ಲವೆನ್ನಲಿ?) ಕೆಲವು ಬಗ್ಗಲಿಲ್ಲ, ಅವನ್ನು ಹಾಗೇ ಬಿಟ್ಟೆ. ಬಗ್ಗಿದವನ್ನೆಲ್ಲ ‘ಉಗ್ರಾಣ’ ಎಂಬ ಹೊಸ ಫೋಲ್ಡರಿಗೆ ಸಾಗಿಸಿದೆ. ದಾರಿಯಲ್ಲಿ ಬಿದ್ದಿದ್ದ ಇವರ ಚಿತ್ರಗಳನ್ನೂ ಅದರಲ್ಲೇ ಹಾಕಿದೆ. ಅವಕ್ಕಾದರೂ ಎಂಥ ಹೆಸರು ಅಂತೀರಿ! ‘ಕೊನೆಯದು’, ‘ನಿಜವಾದ ಕೊನೆಯದು’, ‘ಇದೇ ಕೊನೆಯದು’. ಅವಕ್ಕೂ ಒಳ್ಳೆಯ ಚೀಟಿಗಳನ್ನು ಅಂಟಿಸಿದೆ. ಕೊನೆಗೆ, ಉಗ್ರಾಣವೆಂದ ಮೇಲೆ ಬೀಗವಿರಬೇಕಲ್ಲ? ಅಡಗಿಸುವ ವಿದ್ಯೆ ಆಗಷ್ಟೇ ಕೈವಶವಾಗಿತ್ತು. ಉಗ್ರಾಣವನ್ನೇ ಅಡಗಿಸಿ, ಚೌಕದ ಗುರುತು ತೆಗೆದೆ. ಪರದೆ ಆಗ ತಾನೇ ಹಾಸಿದ ಹಾಸಿಗೆಯಂತೆ ಲಕಲಕಿಸಿತು.

“ಭೇಷ್,” ಎಂದರು ಅತ್ತೆ. ಅತ್ತೆ ನನ್ನನ್ನು ಹೊಗಳಿದ್ದು ಅಪರೂಪ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಬಾಣದ ಗುರುತು ಅಲ್ಲಾಡಲಿಲ್ಲ. ಮೌಸ್ ಎಂಬ ಆ ಇಲಿಯನ್ನು ಎಷ್ಟು ಎಳೆದಾಡಿದರೂ ಇಲ್ಲ. ಆಸ್ಪತ್ರೆಯಲ್ಲಿ ಗಾಡಿ ಸಿಕ್ಕಿಕೊಂಡರೆ ಹಿಂದಕ್ಕೆಳೆದು ಮುಂದಕ್ಕೆ ನೂಕುತ್ತೇವೆ. ಹಾಗೆಯೇ ದೊಡ್ಡ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದೆ, ಮತ್ತೆ ಹಚ್ಚಿದೆ. ಕಪ್ಪು ಪರದೆ. ಅದರ ಮೇಲೆ ಒಂದೇ ಒಂದು ಬಿಳಿ ಸಾಲು, ಏನೋ ಕಾಣೆಯಾಗಿದೆ ಎಂದು. ಬಾಗಿಲಲ್ಲಿ ಚಪ್ಪಲಿಯ ಸದ್ದು.

“ಏನು ಮಾಡ್ದೆ?” ಎಂದರು ಇವರು.

“ಏನೂ ಎಸೆದಿಲ್ಲ.”

“ಏನು ಮಾಡ್ದೆ ಅಂತ ಕೇಳ್ದೆ.”

“ಜೋಡಿಸ್ದೆ.”

ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತಾಡಬಹುದಿತ್ತು. ಇವರು ಸುಮ್ಮನೆ ತಂತಿಗಳನ್ನು ಕಿತ್ತು, ಜ್ವರ ಬಂದ ಮಗುವನ್ನು ಎತ್ತಿಕೊಳ್ಳುವಂತೆ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟರು. ಹಿಂದೆ ನಾನು. ನನ್ನ ಹಿಂದೆ ಅತ್ತೆ. (“ಇಂಥದ್ದನ್ನ ಬಿಟ್ಟು ನಾನು ಮನೇಲಿ ಕೂರ್ಲಾ?”)

ಬೀದಿಯ ತಿರುವಿನ ರಿಪೇರಿ ಅಂಗಡಿಯಲ್ಲಿ ಒಬ್ಬಳು ಹೆಂಗಸು ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಫ್ಯಾನು ಬಿಚ್ಚುತ್ತಿದ್ದಳು. “ನನ್ನ ಚಿತ್ರಗಳೆಲ್ಲ ಇದರಲ್ಲಿವೆ” ಎಂದ ಇವರ ಮುಖ ನೋಡಿದವಳೇ ಫ್ಯಾನು ಬದಿಗಿಟ್ಟು, ನಮ್ಮ ಪೆಟ್ಟಿಗೆಯ ಹೊಟ್ಟೆ ಬಿಚ್ಚಿ, ಡಿಸ್ಕನ್ನು ಹೊರತೆಗೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು.

“ಚಿತ್ರ ಎಲ್ಲಿಟ್ಟಿದ್ರಿ ಸಾರ್? ಇಲ್ಲಿ ಒಂದೂ ಇಲ್ಲ.”

ಇವರು ಗೋಡೆಗೊರಗಿದರು.

“ವಿಚಿತ್ರ ಅಂದ್ರೆ, ಡಿಸ್ಕು ಭರ್ತಿ ಅಂತ ತೋರಿಸ್ತಿದೆ. ತೆರೆದ್ರೆ ಹೆಚ್ಚೇನೂ ಕಾಣ್ತಿಲ್ಲ. ಕೆಲವು ವೈರಸ್ಸು ಹೀಗೇ ಮಾಡ್ತವೆ, ಹೆಸರೆಲ್ಲ ಕೆಡಿಸಿ ಎಲ್ಲಾನೂ ಅಡಗಿಸಿಬಿಡ್ತವೆ. ವೈರಸ್ ಏನಾದ್ರೂ ಬಂದಿತ್ತಾ?”

“ತಾನಾಗಿ ಬಂದಿದ್ದಲ್ಲಮ್ಮ,” ಎಂದರು ಅತ್ತೆ. “ನಾವೇ ಹುಡುಕಿ, ಮದುವೆ ಮಾಡಿಸಿ ತಂದಿದ್ದು.”

ಇವರು ನಗಲಿಲ್ಲ. “ಹೋಗ್ಲಿ ಬಿಡಮ್ಮ,” ಎಂದರು. “ಬೋರ್ಡೂ ಹೋಯ್ತು. ಇದೂ ಹೋಯ್ತು ಅಂದ್ಕೊಂಡ್ರಾಯ್ತು.”

ಮದುವೆಯಾದಂದಿನಿಂದ ಇವರ ಬಾಯಲ್ಲಿ ಅಂಥ ದನಿ ಕೇಳಿರಲಿಲ್ಲ. ಕೊನೆಯ ಬೋರ್ಡು ಬರೆದು ಬಂದ ದಿನವೂ ಕುಂಚ ತೊಳೆಯುತ್ತಾ ಏನೋ ತಮಾಷೆ ಮಾಡಿದ್ದವರು.

“ನೋಡಿ...” ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ. “ಮೇಲ್ಗಡೆ ಒಂದು ಚೌಕ ಇರುತ್ತಲ್ಲ, ಅಡಗಿಸಿದ್ದನ್ನ ತೋರಿಸು ಅಂತ...”

ಅವಳು ನನ್ನನ್ನೊಮ್ಮೆ ನೋಡಿ, ಗುರುತು ಹಾಕಿದಳು. ಮಬ್ಬು ಮುಖದ ‘ಉಗ್ರಾಣ’ ಎದ್ದು ನಿಂತಿತು. ತೆರೆದು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದತೊಡಗಿದಳು. “‘ಏನೋ’. ‘ಇನ್ನೇನೋ’. ‘ಅದರ ತಮ್ಮ’. ಅಯ್ಯೋ, ಇವು ಇಲ್ಲದೆ ಕಂಪ್ಯೂಟರು ಕಣ್ಣೇ ಬಿಡಲ್ಲ ಅಮ್ಮಾ! ‘ಆನೆ, ಸರಿಯಾಗಿದೆ’. ‘ಮೊಲ, ಕಿವಿ ಅತಿಯಾಯ್ತು’. ‘ಕುದುರೆ ಅಂತ ಇವರು ಹೇಳ್ತಾರೆ’...”

“ಸಿಕ್ತು!” ಇವರು ಗೋಡೆ ಬಿಟ್ಟು ಹಾರಿ ಬಂದರು. “ಎಲ್ಲಾ ಇದೆ! ರಾಕ್ಷಸಿ ಎಲ್ಲಿ?”

ರಾಕ್ಷಸಿ ಇರಲಿಲ್ಲ. ಎಲ್ಲಿಂದ ಇರುತ್ತಾಳೆ? ಜಾಗವಿಲ್ಲವೆಂದು ಅವಳನ್ನು ಉಳಿಸಲೇ ಆಗಿರಲಿಲ್ಲ. ನಾನು ಗುಂಡಿ ಒತ್ತಿ ಹಿಡಿದಾಗಲೇ ಅವಳ ಪ್ರಾಣ ಹೋಗಿತ್ತು. ಹೊರಗೆ ಬಿಸಿಲು ಎದುರು ಮನೆಯ ತಾರಸಿಯವರೆಗೆ ಏರಿತ್ತು. ಪ್ರಕಾಶಕಿ ಬಾಗಿಲು ಹಾಕುವ ಹೊತ್ತು ದೂರವಿರಲಿಲ್ಲ.

“ನಿಮ್ಮ ಕಂಪ್ಯೂಟರು ಸ್ವಲ್ಪ ಹೊತ್ತು ಕೊಡ್ತೀರಾ?” ಎಂದು ಕೇಳಿ ಇವರು ಅಲ್ಲೇ ಕೂತರು. ನಾನು ಎದುರಿನ ಸ್ಟೂಲಿನ ಮೇಲೆ, ಶಿಕ್ಷೆಗೆ ನಿಲ್ಲಿಸಿದ ಮಗುವಿನಂತೆ. ಏನು ಮಾಡಲಿ, ಕೈ ಸುಮ್ಮನಿರದು. ಮೇಜಿನ ಮೇಲೆ ಚೆಲ್ಲಾಡಿದ್ದ ಸ್ಕ್ರೂಗಳನ್ನು ಉದ್ದಕ್ಕೆ ತಕ್ಕಂತೆ ಸಾಲಿಟ್ಟೆ. ನುಗ್ಗಿ ಬಂದ ಗಿರಾಕಿಯೊಬ್ಬನನ್ನು, “ಆ ಕಡೆ ನಿಂತ್ಕೊಳ್ಳಿ, ಇಲ್ಲಿ ಮುಖ್ಯವಾದ ಕೆಲಸ ನಡೀತಿದೆ,” ಎಂದು ಗದರಿ ನಿಲ್ಲಿಸಿದೆ. ಕೆಮ್ಮಿದ ಅತ್ತೆಗೆ ನೀರು ತರಿಸಿ, ಪೂರ್ತಿ ಕುಡಿಯುವವರೆಗೆ ಬಿಡದೆ ಕಾದೆ. ಇವರು ಆಗಾಗ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಪಾಪ, ಕೋಪ ಇಳಿದಿಲ್ಲ ಎಂದುಕೊಂಡು ತಲೆ ತಗ್ಗಿಸಿದೆ.

“ಆಯ್ತು,” ಎಂದರು ಇವರು, ಇಷ್ಟು ಬೇಗ ಹೇಗೆ ಆಯಿತೋ. ಎಲ್ಲರೂ ಪರದೆಯ ಮುಂದೆ ಸೇರಿದೆವು. ನಾನು ಗದರಿ ನಿಲ್ಲಿಸಿದ್ದ ಗಿರಾಕಿಯೂ ಬಂದ.

ಗುಹೆಯ ಬಾಗಿಲಲ್ಲಿ ರಾಕ್ಷಸಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಕಾಡನ್ನೇ ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಡುವ ನೋಟ. ತುರುಬಿಗೆ ಒಂದು ಪೆನ್ಸಿಲ್. ಹಿಂದೆ ಪ್ರಾಣಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಒಂದು ಮೊಲ ಮಾತ್ರ ಸಾಲು ತಪ್ಪಿಸಿ ಬಂದು, ಅವಳ ಕಾಲಿಗೊರಗಿ ನಿದ್ದೆ ಹೋಗಿತ್ತು.

ಇಷ್ಟು ಹೊತ್ತು ಕಟ್ಟಿಟ್ಟಿದ್ದ ಬಾಯನ್ನು ತಡೆಯಲು ನನ್ನಿಂದಾಗಲಿಲ್ಲ. “ಏನ್ರೀ ಇದು! ಇಂಥ ಜಂಬದ ಮುಖಾನ ಎಲ್ಲಿ ನೋಡಿದ್ರಿ? ಯಾರ ಮಾತನ್ನೂ ಪೂರ್ತಿ ಕೇಳೋಳಲ್ಲ ಇವಳು, ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ಅಬ್ಬಬ್ಬಾ! ಪಾಪ, ಇವಳ ಮನೆಯವರು ಹೇಗಪ್ಪಾ ಬಾಳ್ತಾರೆ?”

ರಿಪೇರಿಯವಳು ತಿರುಗಿ ಗೋಡೆ ನೋಡಿದಳು. ಅವಳ ಭುಜ ಕುಣಿಯುತ್ತಿತ್ತು. ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ.

“ಏನತ್ತೆ, ನಾನು ಹೇಳಿದ್ದು ತಪ್ಪಾ?”

“ನಾನೇನೂ ಹೇಳಲ್ಲಮ್ಮ,” ಎಂದರು ಅತ್ತೆ. ಅತ್ತೆ ಏನೂ ಹೇಳದೆ ಉಳಿದ ಪ್ರಥಮ ಪ್ರಸಂಗ ಅದು.

ಯೋಚನೆಗೆ ಬಿದ್ದರೆ ಪೆನ್ಸಿಲಿನಿಂದ ತಲೆ ಕೆರೆದುಕೊಳ್ಳುವುದು ನನ್ನ ಅಭ್ಯಾಸ. ಕೈ ತಾನಾಗಿ ತುರುಬಿಗೆ ಹೋಯಿತು. ಪೆನ್ಸಿಲ್ ಕೈಗೆ ಬಂತು. ಪೆನ್ಸಿಲ್ ನೋಡಿದೆ. ಪರದೆ ನೋಡಿದೆ.

ಚಿತ್ರ ಆಗಲೇ ಪ್ರಕಾಶಕಿಗೆ ಇಮೇಲಿನಲ್ಲಿ ಹೊರಟುಹೋಗಿತ್ತು. ಉತ್ತರವಾಗಿ ಆಕೆಯ ಫೋನೇ ಬಂತು. ಆಕೆಯ ದನಿ ಬೀದಿಗೂ ಕೇಳುವಂತಿತ್ತು. “ಇವಳೇ! ನನಗೆ ಬೇಕಾಗಿದ್ದ ರಾಕ್ಷಸಿ ಇವಳೇ! ಇವಳ ಮೇಲೆ ಇನ್ನೂ ಎರಡು ಪುಸ್ತಕ ಮಾಡೋಣ. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ರಿ ಸಾರ್?”

“ಮನೇಲೇ ಇದ್ಲು,” ಎಂದರು ಇವರು. ಬೆಳಗಿನಿಂದ ಮೊದಲ ಬಾರಿಗೆ ನಕ್ಕರು.

ಮನೆಗೆ ನಡೆದು ಬರುವಾಗ ಅತ್ತೆ ಮುಂದೆ, ಎದುರು ಸಿಕ್ಕವರಿಗೆಲ್ಲ ಸೊಸೆ ಪುಸ್ತಕದಲ್ಲಿ ಬರುತ್ತಾಳೆಂದು ಸಾರುತ್ತಾ ಹೋಗುತ್ತಿದ್ದರು. ನಾನು ಇವರ ಪಕ್ಕಕ್ಕೆ ಸರಿದೆ.

“ರೀ, ನಿಜ ಹೇಳಿ. ನಾನು ಹಾಗೇ ಇದೀನಾ?”

ಇವರು ನಿಂತು, ಒಳ್ಳೆಯ ಬೋರ್ಡನ್ನು ದೂರದಿಂದ ನೋಡುವ ಹಾಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಛೆ ಛೆ, ಪೂರ್ತಿ ಹಾಗಿಲ್ಲ,” ಎಂದರು ಪ್ರೀತಿಯಿಂದ. “ಮಕ್ಕಳ ಪುಸ್ತಕ ಅಲ್ವಾ, ಹಲ್ಲು ಸ್ವಲ್ಪ ಚಿಕ್ಕದು ಮಾಡಿದೀನಿ.”