ಅರಿವಳಿಕೆಯ ಆಹ್ವಾನ

ಹಲ್ಲಿನ ಡಾಕ್ಟರಿಗೆ ಜೀವನದಲ್ಲಿ ಇದ್ದದ್ದು ಒಂದೇ ಕೊರಗು. ಊರಿನವರೆಲ್ಲ ಅವರ ಮುಂದೆ ಬಾಯಿ ತೆರೆಯುತ್ತಿದ್ದರು. ಅವರು ಬಾಯಿ ತೆರೆಯಲು ಮಾತ್ರ ಮನೆಯಲ್ಲಿ ಅವಕಾಶವಿರಲಿಲ್ಲ.

ಅವಕಾಶವಿಲ್ಲ ಅಂದರೆ ಮನೆ ಇಕ್ಕಟ್ಟು ಅಂತಲ್ಲ. ಮುಂದೆ ಕ್ಲಿನಿಕ್, ಹಿಂದೆ ಸಂಸಾರ, ನಡುವೆ ಒಂದು ಪ್ಲೈವುಡ್ ಗೋಡೆ. ಜಾಗ ಧಾರಾಳವಾಗಿಯೇ ಇತ್ತು. ಆದರೆ ಊಟದ ಮೇಜಿನ ಮುಂದೆ ಡಾಕ್ಟರು ಗಂಟಲು ಸರಿಮಾಡಿಕೊಂಡು, "ಮೊನ್ನೆ ನೋಡಿದ ಸಿನಿಮಾದಲ್ಲಿ ನನಗನ್ನಿಸಿದ್ದು ಏನು ಅಂದ್ರೆ..." ಎಂದು ಶುರುಮಾಡಿದರೆ ಸಾಕು, ಮನೆಯಾಕೆ ಸೌಟನ್ನು ಪಾತ್ರೆಗೆ ಒಮ್ಮೆ ಬಡಿಯುತ್ತಿದ್ದರು.

"ರೀ, ನಾನೂ ನಿಮ್ಮ ಪಕ್ಕದ ಸೀಟಲ್ಲೇ ಇದ್ದೆ. ನಾನು ಎಚ್ಚರವಾಗಿದ್ದೆ, ನೀವು ಇರಲಿಲ್ಲ. ಅಷ್ಟೇ ವ್ಯತ್ಯಾಸ."

ಮಾತು ನಿಜ. ಡಾಕ್ಟರಿಗೆ ಸಿನಿಮಾ ಅಂದರೆ ಪ್ರಾಣ, ಆದರೆ ಆ ಪ್ರಾಣ ಮಧ್ಯಂತರದವರೆಗೆ ಮಾತ್ರ ನಿಲ್ಲುತ್ತಿತ್ತು. ಬಿಡುವಿನಲ್ಲಿ ಒಂದು ಪೊಟ್ಟಣ ಪಾಪ್‌ಕಾರ್ನ್ ಹೊಟ್ಟೆಗೆ ಬಿದ್ದು, ಎ.ಸಿ.ಯ ತಂಪು ಬೋಳುತಲೆಗೆ ತಟ್ಟಿತೋ, ಮುಗಿಯಿತು. ಪರದೆಯ ಮೇಲೆ ನಾಯಕ ಎದ್ದು ನಿಲ್ಲುವ ಹೊತ್ತಿಗೆ ಇಲ್ಲಿ ಡಾಕ್ಟರು ಮಲಗಿರುತ್ತಿದ್ದರು. ಉತ್ತರಾರ್ಧದ ಕಥೆ ಅವರಿಗೆ ದಕ್ಕುತ್ತಿದ್ದುದು ಮನೆಗೆ ಮರಳುವಾಗ, ಸ್ಕೂಟರಿನ ಹಿಂದೆ ಕೂತ ಹೆಂಡತಿ ಗಾಳಿಗೆ ಎದುರಾಗಿ ಕೂಗಿ ಹೇಳಿದ್ದು ಹೆಲ್ಮೆಟ್ಟನ್ನು ತೂರಿಕೊಂಡು ಕಿವಿಗೆ ಎಷ್ಟು ಬಿದ್ದಿತೋ ಅಷ್ಟು.

ಇಷ್ಟಾದರೂ ಅಭಿಪ್ರಾಯಕ್ಕೇನೂ ಬರವಿರಲಿಲ್ಲ. (ಅಭಿಪ್ರಾಯ ಹುಟ್ಟುವುದಕ್ಕೆ ನೋಡಲೇಬೇಕೆಂಬ ಕಾನೂನು ಎಲ್ಲಿದೆ?) ಹುಟ್ಟಿದ ಅಭಿಪ್ರಾಯವನ್ನು ಎಲ್ಲಾದರೂ ಹೆರಬೇಕಲ್ಲ, ಅದಕ್ಕೆ ಕ್ಲಿನಿಕ್ಕಿನ ಕುರ್ಚಿ ಇತ್ತು. ರೋಗಿ ಒರಗುತ್ತಾನೆ. ದೀಪ ಹತ್ತುತ್ತದೆ. ಬಾಯೊಳಗೆ ಹತ್ತಿ, ಕನ್ನಡಿ, ಎಂಜಲು ಹೀರುವ ಕೊಳವೆ ಎಲ್ಲ ತಮ್ಮ ತಮ್ಮ ಸ್ಥಾನ ಅಲಂಕರಿಸುತ್ತವೆ. ಆಮೇಲೆ ಡಾಕ್ಟರ ಚಲನಚಿತ್ರ ಮೀಮಾಂಸೆ ಆರಂಭ. ರೋಗಿ "ಹೂಂ" ಅಂದರೆ ಅದು ಒಪ್ಪಿಗೆ. "ಊಂಹೂಂ" ಅಂದರೆ ಇನ್ನೊಂದು ಉಂಡೆ ಹತ್ತಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಎರಡನ್ನೂ ಹಲ್ಲಿಗೆ ತುಂಬುವ ವಿದ್ಯೆ ಅವರೊಬ್ಬರಿಗೇ ಗೊತ್ತಿತ್ತು.

ಆದರೂ ಮನುಷ್ಯನಿಗೆ ಆಸೆ ಇರುತ್ತದಲ್ಲ. ಒಂದೇ ಒಂದು ಸಲ, ಬಾಯಿ ಖಾಲಿ ಇರುವ ಜನ ತಮ್ಮ ಮುಂದೆ ಕೂತು, ತಮ್ಮ ಮಾತನ್ನು ಕೇಳಿ, ತಾವಾಗಿ ತಲೆದೂಗಬೇಕು! ಹತ್ತಿಯಿಲ್ಲದ ಚಪ್ಪಾಳೆ ಬೇಕು! ಡಾಕ್ಟರು ಹಲ್ಲುಜ್ಜುವಾಗಲೂ ಕನ್ನಡಿಯ ಮುಂದೆ ಇದನ್ನೇ ಕನಸುತ್ತಿದ್ದರು.

ಆ ಕನಸಿಗೆ ಕಾಲು ಬಂದದ್ದು ಒಂದು ಗುರುವಾರ. ಕುರ್ಚಿಯಲ್ಲಿ ಒರಗಿದ್ದವರು ಊರಿನ ಚಿತ್ರಪ್ರೇಮಿಗಳ ಸಂಘದ ಕಾರ್ಯದರ್ಶಿಗಳು, ಪೊದೆ ಮೀಸೆಯವರು. ಬಲದವಡೆಗೆ ಸೂಜಿ ಹಾಕಿಸಿಕೊಂಡು, ಅರ್ಧ ಮುಖ ಮರಗಟ್ಟಿ, ಮೀಸೆಯ ಒಂದು ತುದಿ ಎಲ್ಲಿದೆಯೆಂದು ಅವರಿಗೇ ತಿಳಿಯದ ಸ್ಥಿತಿಯಲ್ಲಿದ್ದರು.

"ಮೊನ್ನೆ ಆ ಅಮ್ಮ-ಮಗನ ಸಿನಿಮಾ ನೋಡಿದ್ವಿ ಸಾರ್," ಎಂದು ಡಾಕ್ಟರು ಯಂತ್ರ ಹಿಡಿದರು. "ಮಗ ಸಣ್ಣವನಿದ್ದಾಗ ಓಡಿಹೋಗ್ತಾನೆ. ಅಮ್ಮ ದಿನಾ ಸ್ಟೇಷನ್ನಿಗೆ ಬಂದು ಕಾಯ್ತಾಳೆ. ಅಲ್ಲೀವರೆಗೆ ಅದ್ಭುತ. ಆದ್ರೆ ಕೊನೇಲಿ ಏನ್ ಮಾಡ್ತಾರೆ ಗೊತ್ತಾ..."

ಕಾರ್ಯದರ್ಶಿಗಳು ಕುರ್ಚಿಯಿಂದ ಅರ್ಧ ಎದ್ದರು. ಕೈ ಬೀಸಿದರು. ಕಣ್ಣು ಕೆರಳಿಸಿ ಕೂಗಿದರು:

"ಒನೆ ಏಳ್ಬೇಈ! ಆನುವಾಅ ಅಂಘಅಲ್ಲಿ ಓಡ್ಬೇಉ! ಒನೆ ಏಳ್ಬೇಈ!"

ಇಲ್ಲಿ ಒಂದು ಮಾತು ಹೇಳಲೇಬೇಕು. ಮರಗಟ್ಟಿದ ಬಾಯಿಯ ಭಾಷೆಯಲ್ಲಿ ಡಾಕ್ಟರು ತಮ್ಮನ್ನು ಮಹಾಪಂಡಿತರೆಂದು ತಿಳಿದಿದ್ದರು. ಆ ಭಾಷೆಯಲ್ಲಿ ಅರ್ಧಕ್ಕರ್ಧ ವ್ಯಂಜನಗಳು ಹತ್ತಿಯಲ್ಲಿ ಇಂಗಿಹೋಗಿ ಅವುಗಳ ಜಾಗದಲ್ಲಿ ಬರೀ ಸ್ವರಗಳು ಉಳಿಯುತ್ತವೆ. (ವ್ಯಂಜನ ತಿನ್ನಲಾಗದ ಬಾಯಿ ವ್ಯಂಜನ ನುಡಿಯುವುದಾದರೂ ಹೇಗೆ?) ಬಿಟ್ಟ ಸ್ಥಳ ತುಂಬುವುದು ಹಲ್ಲಿನ ಡಾಕ್ಟರಿಗೆ ಕಸುಬೇ ಆದ್ದರಿಂದ ಅವರು ತಕ್ಷಣ ತುಂಬಿಕೊಂಡರು: 'ಕೊನೆಗೆ ಹೇಳ್ಬೇಕ್ರೀ! ಭಾನುವಾರ ಸಂಘದಲ್ಲಿ ಹೇಳ್ಬೇಕು! ಕೊನೆಗೆ ಹೇಳ್ಬೇಕ್ರೀ!'

ಡಾಕ್ಟರ ಕೈಯಲ್ಲಿದ್ದ ಯಂತ್ರ ನಿಂತಿತು. ಎದೆಯೊಳಗಿನದು ಜೋರಾಯಿತು.

"ನಾನಾ ಸಾರ್? ಸಂಘದಲ್ಲಾ?"

"ಹೂಂ! ಹೂಂ!" ಕಾರ್ಯದರ್ಶಿಗಳಿಗೆ ತಮ್ಮ ಗೋಳು ಮುಟ್ಟಿತೆಂಬ ಸಮಾಧಾನ.

"ಹಾಗಾದ್ರೆ ಈಗ ಒಂದಕ್ಷರ ಬಾಯಿಬಿಡಲ್ಲ ಸಾರ್. ಭಾನುವಾರವೇ ಆಗ್ಲಿ."

ಕಾರ್ಯದರ್ಶಿಗಳು ಕಣ್ಣಲ್ಲಿ ನೀರು ತಂದುಕೊಂಡು ಎರಡೂ ಕೈ ಜೋಡಿಸಿದರು. ಇಷ್ಟು ಭಾವಪೂರ್ಣವಾದ ಆಮಂತ್ರಣ ಮಂತ್ರಿಗಳಿಗೂ ಸಿಕ್ಕಿರಲಾರದು ಅಂತ ಡಾಕ್ಟರು ಅಂದುಕೊಂಡರು.

ಮಧ್ಯಾಹ್ನ ಊಟಕ್ಕೆ ಕೂತಾಗ ಸುದ್ದಿ ಹೊರಬಿತ್ತು.

"ಲೇ, ಭಾನುವಾರ ಸಂಘದಲ್ಲಿ ನನ್ನ ಭಾಷಣ."

"ಯಾರು ಕರೆದ್ರು?"

"ಕಾರ್ಯದರ್ಶಿಗಳೇ. ಸಿನಿಮಾ ಮುಗಿದ ಮೇಲೆ ಕೊನೆಗೆ ಹೇಳ್ಬೇಕು ಅಂತ ಅಂಗಲಾಚಿದ್ರು ಕಣೇ."

ಮನೆಯಾಕೆ ಕೈಯ ತುತ್ತನ್ನು ತಟ್ಟೆಗೆ ಇಳಿಸಿದರು. ಹೊರಗಿನ ಮೇಜಿನಲ್ಲಿ ಕೂತು ಟೋಕನ್ ಕೊಡುವವರು ಅವರೇ. ಪ್ಲೈವುಡ್ ಗೋಡೆಯಾಚೆಯ ಕೂಗು ಅವರಿಗೂ ಕೇಳಿಸಿತ್ತು.

"ನನಗೇನೋ ಅದು 'ಹೇಳ್ಬೇಡಿ' ಅಂದ ಹಾಗಿತ್ತು."

"ಬೇಡಿಯೇ! ಬೇಡಿ ಅನ್ನೋದು ಕಳ್ಳರ ಕೈಗೆ ಹಾಕೋದು. ಮದುವೆಯಾದಾಗ ನನಗೆ ಹಾಕಿದಾರಲ್ಲ, ಅದು."

"ಬೇಡಿ ಅಂತ ನಿಮ್ಮನ್ಯಾರು ಬೇಡಿದ್ರು? ರೀ, ಒಂದು ಫೋನ್ ಮಾಡಿ ಕೇಳಿಬಿಡಿ. ಆಮೇಲೆ ನಾಲ್ಕು ಜನರ ಮುಂದೆ ನಗೆಪಾಟಲು ಬೇಡ."

"ಕೇಳೋದಾ? ಗೌರವದಿಂದ ಕರೆದವರನ್ನು 'ನಿಜವಾಗ್ಲೂ ಕರೆದ್ರಾ' ಅಂತ ಕೇಳೋದಾ? ನಿನಗೆ ಹೊಟ್ಟೆಕಿಚ್ಚು."

"ನನಗಿರೋದು ಹೊಟ್ಟೆಕಿಚ್ಚಲ್ಲ, ಹೊಟ್ಟೆಹಸಿವು. ತಿನ್ನೋಕೆ ಬಿಡಿ," ಎಂದು ಆಕೆ ತುತ್ತೆತ್ತಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮನಸ್ಸು ಕರಗಿತೋ ಏನೋ, "ಹೋಗೋದೇ ಆದ್ರೆ ಈ ಸಲವಾದ್ರೂ ಪೂರ್ತಿ ನೋಡಿ. ಎಷ್ಟೇ ನಿದ್ದೆ ಬರಲಿ, ಹಲ್ಲು ಕಚ್ಚಿಕೊಂಡು ಕೂತ್ಕೊಳ್ಳಿ," ಅಂದರು.

ಡಾಕ್ಟರು ಆ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ್ದೇ ಮುಂದಿನ ಅನಾಹುತಗಳಿಗೆಲ್ಲ ಮೂಲ.

ಭಾನುವಾರ ಸಂಜೆ. ಸಂಘ ಅಂದರೆ ಒಂದು ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಬಿಳಿಯ ಬಟ್ಟೆಯ ಪರದೆ, ಮಡಚುವ ಕುರ್ಚಿಗಳು. ಡಾಕ್ಟರು ಇಸ್ತ್ರಿ ಮುರಿಯದ ಅಂಗಿಯಲ್ಲಿ ಒಳಗೆ ಕಾಲಿಟ್ಟಾಗ ಬೇಕರಿಯವರು, ಬ್ಯಾಂಕಿನ ಕ್ಯಾಷಿಯರ್, ನಿವೃತ್ತ ಹೆಡ್ ಮಿಸ್ಸು, ಎಲ್ಲರೂ ಅಭ್ಯಾಸಬಲದಿಂದ ಕೆನ್ನೆ ಹಿಡಿದುಕೊಂಡರು. ಕೂತವರಲ್ಲಿ ಮುಕ್ಕಾಲು ಪಾಲು ಅವರ ರೋಗಿಗಳೇ. ಗುರುತಿನ ಬಾಯಿಗಳು! ಅವುಗಳನ್ನು ಮುಚ್ಚಿರುವ ಸ್ಥಿತಿಯಲ್ಲಿ ಡಾಕ್ಟರು ನೋಡುತ್ತಿದ್ದುದು ಅದೇ ಮೊದಲು.

ಅಂದಿನ ಚಿತ್ರ ಅದೇ ಅಮ್ಮ-ಮಗನದು. ಪೂರ್ವಾರ್ಧ ಸುಗಮವಾಗಿ ಸಾಗಿತು. ಬಿಡುವಿನಲ್ಲಿ ಚಹಾ, ಬಿಸ್ಕತ್ತು. ಮತ್ತೆ ದೀಪ ಆರಿದ್ದೇ ತಡ, ಕಣ್ಣಿಗೆ ಎಲ್ಲಿಂದಲೋ ಜೇನು ಹಚ್ಚಿದಂತಾಯಿತು. ಡಾಕ್ಟರು ಹಲ್ಲು ಕಚ್ಚಿದರು. ಬಲವಾಗಿ ಕಚ್ಚಿದರು. ಪಕ್ಕದಲ್ಲಿದ್ದ ಮನೆಯಾಕೆ ತಿರುಗಿ ನೋಡಿದಾಗ ಗಂಡನ ದವಡೆಯ ಮೂಳೆ ಉಬ್ಬಿ ನಿಂತಿತ್ತು. ಅಬ್ಬ, ಎಚ್ಚರವಾಗಿದ್ದಾರೆ ಎಂದು ಆಕೆ ನಿಶ್ಚಿಂತೆಯಿಂದ ಪರದೆಯತ್ತ ಮುಖ ಮಾಡಿದರು.

ಡಾಕ್ಟರು ಹಲ್ಲು ಕಚ್ಚಿಕೊಂಡೇ ನಿದ್ದೆ ಹೋಗಿದ್ದರು.

ಎಚ್ಚರಿಸಿದ್ದು ಬಾಯೊಳಗಿನ ಒಂದು 'ಟಕ್'. ಎಡದವಡೆಯಲ್ಲಿ ಎಂದೋ ತುಂಬಿಸಿದ್ದ ಸಿಮೆಂಟು ಎರಡು ಹೋಳಾಗಿ ನಾಲಿಗೆಯ ಮೇಲೆ ಬಿದ್ದಿತ್ತು. ಹಲ್ಲಿನಿಂದ ನೆತ್ತಿಗೆ ಮಿಂಚು ಹೊಡೆಯಿತು. ಅದೇ ಕ್ಷಣಕ್ಕೆ ದೀಪ ಹತ್ತಿ, ಕಾರ್ಯದರ್ಶಿಗಳು ಮುಂದೆ ಬಂದು, "ಯಾರಾದ್ರೂ ಎರಡು ಮಾತು..." ಅಂದರು.

ಹೋಳುಗಳನ್ನು ಕರವಸ್ತ್ರಕ್ಕೆ ದಾಟಿಸಿ ಡಾಕ್ಟರು ಎದ್ದೇಬಿಟ್ಟರು. ಕಾರ್ಯದರ್ಶಿಗಳ ಮೀಸೆ ಆಶ್ಚರ್ಯದಿಂದ ಮೇಲೇರಿದ್ದನ್ನು ಅವರು ಗೌರವವೆಂದು ಎಣಿಸಿದರು. ನೋವನ್ನು ನುಂಗಿಕೊಂಡು, ಗುರುವಾರದಿಂದ ಬಾಯಿಪಾಠ ಮಾಡಿದ್ದನ್ನು ಶುರುಮಾಡಿದರು.

"ಸಹೃದಯರೇ! ಚಿತ್ರ ಚೆನ್ನಾಗಿದೆ. ಆದರೆ ನಾನು ಕೇಳುವುದು ಒಂದೇ ಪ್ರಶ್ನೆ. ಮಗ ರೈಲಿನಿಂದ ಇಳಿಯುವ ಆ ಅಮೃತಗಳಿಗೆಯಲ್ಲಿ ಆ ತಾಯಿಯನ್ನು ಕೊಲ್ಲುವ ಹಕ್ಕನ್ನು ನಿರ್ದೇಶಕನಿಗೆ ಕೊಟ್ಟವರು ಯಾರು?"

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ನಾಟಿತು ಅಂದುಕೊಂಡರು ಡಾಕ್ಟರು.

ಬೇಕರಿಯವರು ಮೆಲ್ಲಗೆ ಕೈ ಎತ್ತಿದರು. "ಯಾವ ತಾಯಿ ಡಾಕ್ಟ್ರೇ?"

"ಅದೇ ಕಣ್ರೀ, ಕೊನೇಲಿ ಸತ್ತಳಲ್ಲ."

"ಎಲ್ಲಿ ಸತ್ತಳು? ಈಗತಾನೇ ಮಗನ ಕೈ ಹಿಡ್ಕೊಂಡು ಮನೆಗೆ ಹೋದಳು!"

ಡಾಕ್ಟರು ಹೆಂಡತಿಯತ್ತ ತಿರುಗಿದರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಇಡೀ ಕೋಣೆಗೆ ಕೇಳಿಸುವಂಥ ಪಿಸುಮಾತಿನಲ್ಲಿ ಹೇಳಿದರು: "ಸತ್ತಳು ಅಲ್ಲ ರೀ, ಅತ್ತಳು! ಅಮ್ಮ ಅತ್ತಳು ಅಂತ ಸ್ಕೂಟರ್ ಮೇಲೆ ಗಂಟಲು ಹರ್ಕೊಂಡು ಹೇಳ್ಲಿಲ್ವಾ?"

ನಗು ಹಿಂದಿನ ಸಾಲಿನಲ್ಲಿ ಹುಟ್ಟಿ ಮುಂದಿನ ಸಾಲಿಗೆ ಉರುಳಿಕೊಂಡು ಬಂತು. ಡಾಕ್ಟರ ಕೈ ತಾನೇತಾನಾಗಿ ಹತ್ತಿಗಾಗಿ ಜೇಬು ತಡಕಿತು. ಜೇಬಿನಲ್ಲಿ ಹತ್ತಿ ಇರಲಿಲ್ಲ. ಇದ್ದಿದ್ದರೂ ಅಷ್ಟು ಬಾಯಿಗೆ ಸಾಲುತ್ತಿರಲಿಲ್ಲ.

"ನನ್ನ ಹತ್ರಾನೂ ಹಾಗೇ ಹೇಳಿದ್ರಿ!" ಎಂದು ಕ್ಯಾಷಿಯರ್ ಎದ್ದರು. "ಅಮ್ಮ ಸಾಯ್ತಾಳೆ ಅಂತ ನಂಬಿ ಎರಡು ಗಂಟೆ ಕರವಸ್ತ್ರ ಹಿಡಿದು ಕೂತಿದ್ದೆ. ಅವಳು ನೋಡಿದ್ರೆ ಗಟ್ಟಿಮುಟ್ಟಾಗಿದಾಳೆ!"

"ಹೋದ ವರ್ಷ ನನ್ನ ದವಡೆ ಕೊರೀತಾ, ನಗು ಬರಿಸೋ ಸಿನಿಮಾ ಎಲ್ಲ ಬಾಲಿಶ ಅಂದ್ರಲ್ಲ," ಎಂದರು ಹೆಡ್ ಮಿಸ್ಸು. "ಅವತ್ತೇ ಉತ್ತರ ಕೊಡೋಳಿದ್ದೆ. ಕೊಳವೆ ಅಡ್ಡ ಇತ್ತು. ಈಗ ಕೇಳಿ!"

ಕೇಳಿದರು. ಕೇಳದೆ ವಿಧಿಯಿರಲಿಲ್ಲ. ಎಷ್ಟೋ ಕಾಲದಿಂದ ಹತ್ತಿಯ ಹಿಂದೆ ತಡೆದಿಟ್ಟ ಉತ್ತರಗಳು ಅಂದು ಕಟ್ಟೆಯೊಡೆದು ಹರಿದವು. ಇಷ್ಟು ದಿನ ಡಾಕ್ಟರು ಪರರ ಬಾಯಿಗೆ ಕೈ ಹಾಕಿದ್ದರು. ಅಂದು ಪರರೆಲ್ಲ ಅವರ ಮಾತಿಗೆ ಬಾಯಿ ಹಾಕಿದರು. ಪ್ರವಾಹ ಇಳಿದ ಮೇಲೆ ಕಾರ್ಯದರ್ಶಿಗಳು ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು.

"ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಆದ್ರೆ ಅವತ್ತು ಅಷ್ಟು ಬೇಡ್ಕೊಂಡೆನಲ್ಲ? ಭಾನುವಾರ ಸಂಘದಲ್ಲಿ ನೋಡ್ಬೇಕು, ಕೊನೆ ಹೇಳ್ಬೇಡಿ, ಕೊನೆ ಹೇಳ್ಬೇಡಿ ಅಂತ!"

ಡಾಕ್ಟರು ಹಲ್ಲು ಗಿಂಜಿದರು. ಗಾಳಿ ತಗುಲಿ ಎಡದವಡೆ ಚುರ್ ಎಂದಿತು.

ಆ ರಾತ್ರಿಯೇ ಪ್ರತಿಜ್ಞೆ ಆಯಿತು: ಇನ್ನು ಮೇಲೆ ಒಂದು ಚಿತ್ರವನ್ನಾದರೂ ಸ್ವಂತ ಕಣ್ಣಿನಿಂದ ಮೊದಲಿನಿಂದ ಕೊನೆಯವರೆಗೆ ನೋಡದೆ ತುಟಿ ಬಿಚ್ಚುವುದಿಲ್ಲ. ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಒಂದು ಕೊಲೆಯ ಸಿನಿಮಾಕ್ಕೆ ಶನಿವಾರದ ಬೆಳಗಿನ ಆಟಕ್ಕೆ ಟಿಕೆಟ್ ಬಂತು. ಬೆಳಗಿನ ಆಟ, ಪಾಪ್‌ಕಾರ್ನ್ ನಿಷೇಧ. ಕೊಲೆಗಾರ ಯಾರೆಂಬ ಕುತೂಹಲವೇ ಎಬ್ಬಿಸಿ ಕೂರಿಸುತ್ತದೆ, ನಿದ್ದೆಯ ಮಾತೇ ಇಲ್ಲ.

ಆದರೆ ಹಲ್ಲು ಶನಿವಾರದವರೆಗೆ ಕಾಯಲಿಲ್ಲ. ತನ್ನ ಬೆನ್ನು ತನಗೆ ಕಾಣದು; ತನ್ನ ದವಡೆ ತನ್ನ ಕೈಗೆ ಎಟುಕದು. ಶುಕ್ರವಾರ ಬೆಳಿಗ್ಗೆ ಡಾಕ್ಟರು ಪಕ್ಕದ ಬೀದಿಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಡಾಕ್ಟರ್ ಹುಡುಗಿಯ ಕುರ್ಚಿಯಲ್ಲಿ ಒರಗಿದ್ದರು. ಪಕ್ಕದ ಸ್ಟೂಲಿನಲ್ಲಿ ಮನೆಯಾಕೆ. ಸೂಜಿ ಬಿತ್ತು, ಕೆನ್ನೆ ಮರಗಟ್ಟಿತು. ಹತ್ತಿ, ಕನ್ನಡಿ, ಕೊಳವೆ ಎಲ್ಲ ತಮ್ಮ ತಮ್ಮ ಸ್ಥಾನ ಅಲಂಕರಿಸಿದವು.

"ಸಾರ್, ನಿಮಗೆ ಸಿನಿಮಾ ಅಂದ್ರೆ ಇಷ್ಟ ಅಂತ ಕೇಳಿದೀನಿ," ಎಂದಳು ಹುಡುಗಿ ಯಂತ್ರ ಎತ್ತಿಕೊಳ್ಳುತ್ತಾ. "ನಿನ್ನೆ ಆ ಕೊಲೆ ಸಿನಿಮಾ ನೋಡ್ದೆ. ಏನ್ ಸಸ್ಪೆನ್ಸು ಅಂತೀರಾ! ಕೊನೇಲಿ ನೋಡಿದ್ರೆ..."

ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಕೈ ಬೀಸಿದರು. "ಒನೆ ಏಳ್ಬೇಈ! ಒನೆ ಏಳ್ಬೇಈ!"

ಹುಡುಗಿ ಗಾಬರಿಯಿಂದ ಮನೆಯಾಕೆಯತ್ತ ನೋಡಿದಳು. "ಆಂಟಿ, ಸಾರ್ ಏನೋ ಹೇಳ್ತಿದಾರೆ. ಅರ್ಥ ಆಗ್ತಿಲ್ಲ."

ಮನೆಯಾಕೆ ಗಂಡನ ಮುಖವನ್ನು ಒಮ್ಮೆ ತೃಪ್ತಿಯಾಗುವಷ್ಟು ನೋಡಿದರು.

"'ಕೊನೆ ಹೇಳ್ಬೇಕ್ರೀ' ಅಂತಿದಾರಮ್ಮ. ಪಾಪ, ಎಷ್ಟು ಆಸೆ ನೋಡು. ಹೇಳು ತಾಯಿ, ಒಂದೂ ಬಿಡದೆ ಹೇಳು."

ಹುಡುಗಿ ಹೇಳಿದಳು. ಕೊಂದವನು ಯಾರು, ಯಾಕೆ ಕೊಂದ, ಚಾಕುವನ್ನು ಎಲ್ಲಿ ಅಡಗಿಸಿದ್ದ, ಹೇಗೆ ಸಿಕ್ಕಿಬಿದ್ದ, ಒಂದನ್ನೂ ಬಿಡದೆ. ಡಾಕ್ಟರ ಎರಡೂ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ಹುಡುಗಿ ಯಂತ್ರ ನಿಲ್ಲಿಸಿ ಬೆಚ್ಚಿದಳು. "ಅಯ್ಯೋ ಆಂಟಿ, ಸಾರ್‌ಗೆ ಏನೋ ಆಯ್ತು!"

"ಏನೂ ಆಗಿಲ್ಲಮ್ಮ, ನೀನು ಕೊರಿ," ಎಂದರು ಮನೆಯಾಕೆ, ಸೆರಗಿನ ತುದಿಯಿಂದ ಗಂಡನ ಕಣ್ಣೊರೆಸುತ್ತಾ. "ಅತ್ತರು ಅಷ್ಟೇ. ಸತ್ತಿಲ್ಲ."