ನಮ್ಮ ರಂಗ ಎಲ್ಲೂ ಹೋಗಲ್ಲ!

ಚೆಂಡಿನ ಬ್ಲ್ಯಾಡರ್ ಒಡೆಯಬಹುದಿತ್ತು. ಲೌಡ್‌ಸ್ಪೀಕರಿನ ಬ್ಯಾಟರಿ ಕೈಕೊಡಬಹುದಿತ್ತು. ಪರಊರಿನಿಂದ ಬರಬೇಕಾದ ರೆಫರಿ ಬಸ್ಸಿನಲ್ಲಿ ನಿದ್ದೆಹೋಗಿ, ತುಮಕೂರು ದಾಟಿ ಕ್ಯಾತ್ಸಂದ್ರದಲ್ಲಿ ಕಣ್ಣುಬಿಡಬಹುದಿತ್ತು! ನಮ್ಮ ಸೋದರಮಾವನ ಮಾತು ಕೇಳಿ ಕೆರಳಿದ ಕುಣಿಗಲ್‌ನವರು ಲಾರಿ ತುಂಬಿಕೊಂಡು ಬಂದುಬಿಡಬಹುದಿತ್ತು. ಫೈನಲ್ ದಿನ ಮೈಕಿನ ಉಸ್ತುವಾರಿ ನನ್ನದಾದ್ದರಿಂದ ಇಷ್ಟನ್ನೂ ಒಂದು ವಾರ ಮೊದಲೇ ಯೋಚಿಸಿ ತಲೆ ಕೆಡಿಸಿಕೊಂಡಿದ್ದೆ.

ಚೆಂಡು ಒದೆಯದೆಯೇ ಫುಟ್‌ಬಾಲಿನಿಂದ ಗಾಯಗೊಂಡವರು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬರೇ! ಎಪ್ಪತ್ತರ ದಶಕದ ಕೊನೆಗೆ ಅವರು ತುಮಕೂರಿನ ಉಪ್ಪಾರಹಳ್ಳಿ ತಂಡದ ಮ್ಯಾನೇಜರ್. ಪತ್ರಿಕೆಯವರು ಯಾರೂ ಕೇಳದಿದ್ದರೂ ಹೇಳಿಕೆ ಕೊಡುವುದು ಅವರ ಮುಖ್ಯ ಕೆಲಸ. ಎಲ್ಲಿ? ಕ್ಷೌರದಂಗಡಿಯ ಕುರ್ಚಿಯಲ್ಲಿ. ಕತ್ತಿ ಕೆನ್ನೆಯ ಮೇಲಿರುವಾಗಲೇ ಗುಡುಗಿದರೆ ಇನ್ನೇನಾದೀತು?

ಆ ವರ್ಷ ಹೇಳಿಕೆಗೆ ಒಂದೇ ವಿಷಯ. ನಮ್ಮ ಸೆಂಟರ್ ಫಾರ್ವರ್ಡ್, ಕಡಬದ ರಂಗ, ಕುಣಿಗಲ್ ತಂಡ ಸೇರುತ್ತಾನಂತೆ! ಅಲ್ಲಿಯ ಮ್ಯಾನೇಜರು ಅವನಿಗೊಂದು ಕೆಲಸವನ್ನೂ ಕೊಡಿಸುತ್ತಾರಂತೆ!

"ನಮ್ಮ ರಂಗ ಎಲ್ಲೂ ಹೋಗಲ್ಲ!" ಎಂದರು ಮಾವ. ಕೆನ್ನೆಗೆ ಒಂದು ಗೆರೆ ಬಿತ್ತು.

"ನನ್ನೆದುರಿಗೇ 'ಬರ್ತೀನಿ ಸಾರ್' ಅಂದವ್ನೆ" ಎಂದು ಕುಣಿಗಲ್ ಮ್ಯಾನೇಜರ್ ತಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸಾರಿದರು. ಸುದ್ದಿ ಮೊದಲ ಬಸ್ಸಿಗೇ ಬಂತು. ಮಾವ ನೊರೆ ಸಮೇತ ಎದ್ದು, ಅಲ್ಲೇ ಸರದಿಗೆ ಕೂತಿದ್ದ ರಂಗನನ್ನು ಹಿಡಿದರು.

"ಏನ್ಲಾ, ಬರ್ತೀನಿ ಅಂದ್ಯಾ?"

"ಊಂ ಸಾರ್. ಕಾಫಿ ಕುಡ್ದು ಎದ್ದೋನು ಇನ್ನೇನನ್ಲಿ? ಹೋಗ್ತೀನಿ ಅನ್ನಕಾಯ್ತದಾ?"

"ಕೇಳ್ರಪ್ಪಾ! ನಮ್ಮಲ್ಲಿ ಹೋಗೋನೂ ಬರ್ತೀನಿ ಅಂತಾನೆ. ಕನ್ನಡ ಬರದೋನು ಟೀಮ್ ಕಟ್ಟವ್ನೆ!"

ಸಂಜೆಯ ಬಸ್ಸಿಗೆ ಕುಣಿಗಲ್‌ನಿಂದ ಉತ್ತರ ಬಂತು: "ಅವ್ರಿಗೂ ದಿನಾ ಸಂಜೆ ಆಟ ಮುಗ್ಸಿ ಹೊರಡೋವಾಗ 'ಬರ್ತೀನಿ ಸಾರ್' ಅಂತಾನಲ್ಲ. ಅದುನ್ನ ನಂಬ್ಕೊಂಡವ್ರಾ?"

ಮಾವ ಎರಡು ದಿನ ಗಡ್ಡ ಮಾಡಿಸಲಿಲ್ಲ.

ಫೈನಲ್ ಹಿಂದಿನ ದಿನ ಮಾವನನ್ನು ಹುಡುಕಿಕೊಂಡು ರಂಗ ಮನೆಗೆ ಬಂದ. "ನೀವು ಬ್ಯಾಡ ಅಂದ್ರೆ ಹೋಗಲ್ಲ ಸಾರ್. ಆದ್ರೆ ಕೆಲ್ಸ ಪರ್ಮನೆಂಟಂತೆ. ಮನೇಲಿ ದುಡಿಯೋನು ನಾನೊಬ್ನೇ."

"ನಾಳೆ ಮೈಕಲ್ಲಿ ಹೇಳ್ತೀನಿ, ಹೋಗು" ಎಂದರು ಮಾವ. ನಾನು ಹೋಗಿ ಬ್ಯಾಟರಿಯನ್ನು ಇನ್ನೊಮ್ಮೆ ನೋಡಿಬಂದೆ.

ಗುಬ್ಬಿಯವರ ಮೇಲೆ ಒಂದು ಗೋಲಿನಿಂದ ಗೆದ್ದೆವು, ರಂಗನ ಎಡಗಾಲಿನದು. ಮಾವ ಮೈಕು ಕಸಿದುಕೊಂಡರು.

"ಕುಣಿಗಲ್‌ನೋರು ಕೇಳಿಸ್ಕೊಳ್ಳಿ! ರಂಗನ್ನ ನೀವು ಕರ್ಕೊಂಡೋಗ್ತಿಲ್ಲ. ನಾನು ಕಳಿಸ್ತಾ ಇದೀನಿ! ಕೆಲ್ಸ ಪರ್ಮನೆಂಟ್ ಆಗ್ಲಿಲ್ವೋ, ನಾನೇ ಬಂದು ಎಳ್ಕೊಂಡ್ ಬರ್ತೀನಿ!"

ಮೈದಾನವೆಲ್ಲ ಚಪ್ಪಾಳೆ, ಶಿಳ್ಳೆ! ಮಾವ ಮೈಕನ್ನು ನನ್ನ ಕೈಗೆ ತುರುಕಿ, ಪಕ್ಕದಲ್ಲೇ ನಿಂತಿದ್ದ ರಂಗನ ಹೆಗಲು ಹಿಡಿದು ಮೆಲ್ಲಗೆ ಏನೋ ಹೇಳತೊಡಗಿದರು.

"ಮಳೆಗಾಲದಲ್ಲಿ ಎಡಮಂಡಿ ನೋಯ್ತದೆ ನಿಂಗೆ. ಎಣ್ಣೆ ಬಿಸಿ ಮಾಡಿ ತಿಕ್ಕೋ. ಆಡ್ಸೋಕ್ ಮುಂಚೆ ಅವ್ರಿಗೆ ನೀನೇ ಹೇಳ್ಬೇಕು ಕಣ್ಲಾ... ಅವ್ರಿಗೆ ಗೊತ್ತಿರಲ್ಲ."

ಮೈದಾನದ ನಾಲ್ಕೂ ಮೂಲೆಯ ಲೌಡ್‌ಸ್ಪೀಕರುಗಳು ಅದನ್ನು ಹೇಳಿದವು. ನಾನು ಮೈಕು ಆರಿಸಿರಲಿಲ್ಲ.